ಬೇಗ ಮುಗಿಸುವ ಮಗುವಿಗೆ ಮುಂದೇನು?
ಪೂರ್ವ ಪ್ರಾಥಮಿಕ ತರಗತಿಯಲ್ಲಿ ತಕ್ಕ ಸವಾಲಿನ ಕೆಲಸ

ಎಲ್‌ಕೆಜಿ, ಯುಕೆಜಿ ತರಗತಿಗಳಿಗೆ ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳ ಪಾಠಯೋಜನೆಯಲ್ಲಿ ನಿಧಾನವಾಗಿ ಕಲಿಯುವ ಮಕ್ಕಳಿಗಾಗಿ ಒಂದು ಸಾಲಾದರೂ ಇರುತ್ತದೆ. ಕೊಟ್ಟ ಕೆಲಸವನ್ನು ಎರಡೇ ನಿಮಿಷದಲ್ಲಿ ಮುಗಿಸಿ, ‘ಟೀಚರ್, ಆಯ್ತು’ ಎಂದು ಸ್ಲೇಟು ಎತ್ತಿ ಹಿಡಿಯುವ ಮಗುವಿಗೆ ಏನು ಕೊಡಬೇಕು ಎಂಬುದು ಮಾತ್ರ ಬಹುಪಾಲು ಯೋಜನೆಗಳಲ್ಲಿ ಇರುವುದಿಲ್ಲ. ಹಾಗಾಗಿ ಆ ಹೊತ್ತಿಗೆ ಬಾಯಿಗೆ ಬರುವುದು ಮೂರು ಮಾತು: ‘ಇನ್ನೊಂದು ಸಲ ಬರಿ’, ‘ಕೈಕಟ್ಟಿ ಕೂತ್ಕೋ’, ‘ಪಕ್ಕದವರಿಗೆ ಹೇಳಿಕೊಡು’. ಈ ಮೂರರಲ್ಲಿ ಯಾವುದರಿಂದಲೂ ಆ ಮಗು ಹೊಸದೇನನ್ನೂ ಕಲಿಯುವುದಿಲ್ಲ. ಅಂತಹ ಮಗುವನ್ನು ಹೇಗೆ ಗುರುತಿಸುವುದು, ಅದಕ್ಕೆ ಎಂತಹ ಕೆಲಸ ತಕ್ಕದ್ದು, ಮೂವತ್ತು ಮಕ್ಕಳಿರುವ ಕೋಣೆಯಲ್ಲಿ ಅದನ್ನು ನಡೆಸುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಇದು ಏಕೆ ಮುಖ್ಯ

ಐದು ವರ್ಷದ ಮಗು ಶಾಲೆ ಎಂದರೇನು ಎಂಬ ತೀರ್ಮಾನಕ್ಕೆ ಬರುತ್ತಿರುವ ವಯಸ್ಸು ಇದು. ಕೇಳಿದ್ದೆಲ್ಲ ಮೊದಲೇ ಗೊತ್ತಿದ್ದರೆ ಶಾಲೆ ಎಂದರೆ ಕಾಯುವ ಜಾಗ ಎಂದು ಅದು ತಿಳಿಯುತ್ತದೆ. ಕಲಿಯಲು ಪ್ರಯತ್ನವೇ ಬೇಡ ಎಂದೂ ತಿಳಿಯುತ್ತದೆ. ಮುಂದೆ ಮೂರನೆಯದೋ ನಾಲ್ಕನೆಯದೋ ತರಗತಿಯಲ್ಲಿ ಮೊದಲ ಸಲ ಕಷ್ಟದ ಲೆಕ್ಕ ಎದುರಾದಾಗ, ತಿಣುಕಾಡಿ ಗೊತ್ತಿಲ್ಲದ ಈ ಮಗು ತನಗೆ ಗಣಿತ ಬರುವುದಿಲ್ಲ ಎಂದು ಹೆದರಿಬಿಡಬಹುದು.

ಕೆಲವು ಮಕ್ಕಳು ಬೇಸರವನ್ನು ತುಂಟತನದಲ್ಲಿ ತೋರಿಸುತ್ತಾರೆ. ಪಕ್ಕದವರ ಬಳಪ ಕಸಿಯುತ್ತಾರೆ, ಎದ್ದು ಓಡಾಡುತ್ತಾರೆ, ಶಿಕ್ಷಕರ ಕಣ್ಣಿಗೆ ಬೀಳುತ್ತಾರೆ. ಇನ್ನು ಕೆಲವರು ಸುಮ್ಮನೆ ಕೂತಿರುತ್ತಾರೆ. ‘ಎಷ್ಟು ಒಳ್ಳೆಯ ಹುಡುಗಿ, ಗಲಾಟೆಯೇ ಇಲ್ಲ’ ಎಂದು ನಾವು ಮೆಚ್ಚುವ ಮಗುವಿಗೆ ಇಡೀ ವರ್ಷ ಏನೂ ಸಿಗದೆ ಹೋಗಿರಬಹುದು. ಆ ನಷ್ಟ ಯಾವ ದಾಖಲೆಯಲ್ಲೂ ಕಾಣುವುದಿಲ್ಲ.

ಶಿಕ್ಷಣ ಮನೋವಿಜ್ಞಾನದ ಪತ್ರಿಕೆಯಲ್ಲಿ ನಾವೆಲ್ಲ ಓದಿರುವ ರಷ್ಯಾದ ವೈಗೋಟ್‌ಸ್ಕಿಯ (1896–1934) ವಿಚಾರ ಇಲ್ಲಿ ನೇರವಾಗಿ ಅನ್ವಯಿಸುತ್ತದೆ. ಮಗು ಒಂಟಿಯಾಗಿ ಮಾಡಬಲ್ಲದ್ದಕ್ಕೂ ಬಲ್ಲವರ ನೆರವಿನಿಂದ ಮಾಡಬಲ್ಲದ್ದಕ್ಕೂ ನಡುವಿನ ಜಾಗದಲ್ಲಿ ಕಲಿಕೆ ನಡೆಯುತ್ತದೆ. ಆ ಜಾಗ ಎಲ್ಲ ಮಕ್ಕಳಿಗೂ ಒಂದೇ ಕಡೆ ಇರುವುದಿಲ್ಲ. ರಾಷ್ಟ್ರೀಯ ಶಿಕ್ಷಣ ನೀತಿ 2020 ಕೂಡ, ವಿಶೇಷ ಆಸಕ್ತಿ ಮತ್ತು ಸಾಮರ್ಥ್ಯವಿರುವ ಮಕ್ಕಳಿಗೆ ಪೂರಕ ಸಾಮಗ್ರಿ, ಮಾರ್ಗದರ್ಶನ, ಪ್ರೋತ್ಸಾಹ ಕೊಡಬೇಕೆಂದು ಶಿಕ್ಷಕರಿಗೆ ಹೇಳುತ್ತದೆ. ಆದ್ದರಿಂದ ಇದು ಪಠ್ಯಕ್ರಮಕ್ಕೆ ಹೊರಗಿನ ಕೆಲಸವಲ್ಲ.

ಗುರುತಿಸುವುದು ಹೇಗೆ

ಮೊದಲು ಒಂದು ಎಚ್ಚರಿಕೆ. ಬಾಯಿಪಾಠ ಬೇರೆ, ತಿಳಿವಳಿಕೆ ಬೇರೆ. ನೂರರವರೆಗೆ ಗಿಣಿಯಂತೆ ಒಪ್ಪಿಸುವ ಮಗುವಿಗೆ ‘ಹದಿಮೂರು ಬೀಜ ಕೊಡು’ ಎಂದರೆ ತಡವರಿಸಬಹುದು. ಮೂವತ್ತರವರೆಗೆ ಮಾತ್ರ ಎಣಿಸುವ ಇನ್ನೊಂದು ಮಗು ‘ಎರಡೆರಡಾಗಿ ಇಟ್ಟರೆ ಬೇಗ ಆಗುತ್ತೆ ಟೀಚರ್’ ಎಂದು ತಾನಾಗಿ ಹೇಳಬಹುದು. ಮೊದಲ ಮಗುವಿಗೆ ಮನೆಯಲ್ಲಿ ಅಭ್ಯಾಸ ಮಾಡಿಸಿದ್ದಾರೆ, ಅದು ಒಳ್ಳೆಯದೇ. ಆದರೆ ಈ ಲೇಖನ ಹೇಳುವ ಸವಾಲು ತಕ್ಷಣಕ್ಕೆ ಬೇಕಿರುವುದು ಎರಡನೆಯ ಮಗುವಿಗೆ.

ಬೋಧನಾಭ್ಯಾಸದ ಮೊದಲ ವಾರದ ಅವಲೋಕನದಲ್ಲಿ ಈ ಕೆಳಗಿನವುಗಳನ್ನು ಗಮನಿಸಿ:

• ಒಂದೇ ಸಲ ಕೇಳಿದ ಕತೆಯನ್ನು ಸರಿಯಾದ ಕ್ರಮದಲ್ಲಿ ಹೇಳುವುದು, ಅಥವಾ ಕತೆಯಲ್ಲಿ ‘ಅದು ಹೇಗಾಗುತ್ತೆ?’ ಎಂದು ಕೊರತೆ ಹುಡುಕುವುದು.
• ಆಟದ ನಿಯಮವನ್ನು ಬೇಗ ಹಿಡಿದು, ತಾನೇ ಹೊಸ ನಿಯಮ ಸೇರಿಸುವುದು.
• ವಸ್ತುಗಳನ್ನು ನಾವು ಹೇಳದ ರೀತಿಯಲ್ಲಿ ಗುಂಪು ಮಾಡಿ, ಕಾರಣ ಕೊಡುವುದು.
• ಇಷ್ಟವಾದ ಒಂದು ಕೆಲಸದಲ್ಲಿ ಬಹಳ ಹೊತ್ತು ಮುಳುಗಿರುವುದು.

ಮನೆಮಾತು ತುಳು, ಕೊಂಕಣಿ, ಉರ್ದು, ತೆಲುಗು ಅಥವಾ ಲಂಬಾಣಿ ಆಗಿರುವ ಮಗು ಕನ್ನಡದ ತರಗತಿಯಲ್ಲಿ ಮೊದಲ ತಿಂಗಳುಗಳಲ್ಲಿ ಮಾತಾಡದೆ ಇರಬಹುದು. ಮಾತಿನಿಂದ ಮಾತ್ರ ಅಳೆದರೆ ಇಂತಹ ಮಗು ತಪ್ಪಿಹೋಗುತ್ತದೆ. ಮಾತು ಬೇಡದ ಕೆಲಸಗಳನ್ನು ಕೊಟ್ಟು ನೋಡಬೇಕು: ಚುಕ್ಕಿ ರಂಗೋಲಿಯ ಅರ್ಧ ಬರೆದು ಇನ್ನರ್ಧ ಪೂರ್ತಿ ಮಾಡಿಸುವುದು, ಬಣ್ಣದ ಮಣಿಗಳ ಸಾಲನ್ನು ಮುಂದುವರಿಸುವುದು.

ಇನ್ನೊಂದು ಮಾತು. ಬುದ್ಧಿ ಚುರುಕಾಗಿರುವ ಮಗುವಿನ ಎಲ್ಲ ಬೆಳವಣಿಗೆಯೂ ಒಂದೇ ಓಟದಲ್ಲಿ ಇರುವುದಿಲ್ಲ. ಎಂಟು ವರ್ಷದವರಂತೆ ಓದುವ ಮಗುವಿನ ಬೆರಳು ಐದು ವರ್ಷದ್ದೇ. ಆಟದಲ್ಲಿ ಸೋತರೆ ಅದೂ ಅಳುತ್ತದೆ. ಆದ್ದರಿಂದ ಸವಾಲು ಎಂದರೆ ಹೆಚ್ಚು ಬರವಣಿಗೆ ಎಂದಾಗಬಾರದು. ಉತ್ತರವನ್ನು ಬಾಯಲ್ಲಿ ಹೇಳಲಿ, ಜೋಡಿಸಿ ತೋರಿಸಲಿ, ಚಿತ್ರ ಬರೆಯಲಿ.

ಒಂದೇ ಪಾಠ, ಬೇರೆ ಬೇರೆ ಆಳ

ಬೇಗ ಕಲಿಯುವ ಮಗುವಿಗೆ ಒಂದನೇ ತರಗತಿಯ ಪುಸ್ತಕ ಕೊಡುವುದು ಸುಲಭದ ದಾರಿ. ಆದರೆ ಅದರಿಂದ ಮಗು ಗುಂಪಿನಿಂದ ಬೇರೆಯಾಗುತ್ತದೆ, ಮುಂದಿನ ವರ್ಷ ಅದೇ ಪುಸ್ತಕ ಮತ್ತೆ ಬಂದಾಗ ಬೇಸರ ಇಮ್ಮಡಿಯಾಗುತ್ತದೆ. ಎಲ್ಲರಿಗೂ ನಡೆಯುತ್ತಿರುವ ಪಾಠದಲ್ಲೇ ಪ್ರಶ್ನೆಯನ್ನು ಆಳಕ್ಕೆ ಒಯ್ಯುವುದು ಇದಕ್ಕಿಂತ ಉತ್ತಮ. ಮೂರು ಉದಾಹರಣೆಗಳನ್ನು ನೋಡೋಣ.

1. ಕತೆ: ಕಾಗೆ ಮತ್ತು ಹೂಜಿ

ಎಲ್ಲ ಮಕ್ಕಳಿಗೂ: ಕತೆ ಕೇಳುವುದು, ಅಭಿನಯಿಸುವುದು, ಪಾರದರ್ಶಕ ಲೋಟದಲ್ಲಿ ನೀರಿಟ್ಟು ಕಲ್ಲು ಹಾಕಿ ನೀರು ಮೇಲೇರುವುದನ್ನು ನೋಡುವುದು.

ಮುಂದಿನ ಹೆಜ್ಜೆ: ನೀರಿನ ಮಟ್ಟಕ್ಕೆ ರಬ್ಬರ್ ಬ್ಯಾಂಡ್ ಹಾಕಿ, ‘ಅಂಚಿಗೆ ಬರಲು ಇನ್ನೆಷ್ಟು ಕಲ್ಲು ಬೇಕು?’ ಎಂದು ಊಹಿಸುವುದು, ಹಾಕಿ ಎಣಿಸುವುದು. ದೊಡ್ಡ ಕಲ್ಲಿನಿಂದ ಒಮ್ಮೆ, ಸಣ್ಣ ಕಲ್ಲಿನಿಂದ ಒಮ್ಮೆ.

ಸವಾಲು: ‘ನೀರು ತೀರಾ ಕಡಿಮೆ ಇದ್ದಿದ್ದರೆ ಕಾಗೆಗೆ ಸಿಗುತ್ತಿತ್ತೇ?’ ಇದನ್ನು ಶಿಕ್ಷಕರು ಹಿಂದಿನ ದಿನವೇ ಮಾಡಿ ನೋಡಿರಬೇಕು. ಲೋಟದಲ್ಲಿ ಅರ್ಧಕ್ಕಿಂತ ಹೆಚ್ಚು ನೀರಿದ್ದರೆ ಕಲ್ಲು ಹಾಕುತ್ತಾ ಹೋದಂತೆ ನೀರು ಅಂಚಿಗೆ ಬರುತ್ತದೆ. ಕಾಲು ಲೋಟಕ್ಕಿಂತ ಕಡಿಮೆ ಇದ್ದರೆ ಕಲ್ಲು ಅಂಚಿನವರೆಗೆ ತುಂಬಿದರೂ ನೀರು ಕೆಳಗೇ ಕಲ್ಲಿನ ಸಂದಿಗಳಲ್ಲಿ ಉಳಿಯುತ್ತದೆ. ಕತೆಯಲ್ಲಿ ಆದದ್ದು ಇಲ್ಲಿ ಆಗದಿದ್ದಾಗ ಮಗು ನಿಂತು ಯೋಚಿಸುತ್ತದೆ. ನಾವು ಕಾರಣ ಹೇಳಿಬಿಡಬಾರದು. ‘ನೀರು ಎಲ್ಲಿದೆ ನೋಡು’ ಎಂದರೆ ಸಾಕು. ಸಂದಿಯಲ್ಲಿ ಅಡಗಿದೆ ಎಂದು ಕಂಡುಕೊಂಡ ಮಗುವಿಗೆ, ‘ಹಾಗಾದರೆ ಕಾಗೆ ಇನ್ನೇನು ಹಾಕಬಹುದಿತ್ತು?’ ಎಂಬ ಪ್ರಶ್ನೆ. ಮರಳು ಎಂದು ಹೇಳಿದರೆ ಕಲ್ಲಿನ ಜೊತೆ ಮರಳನ್ನೂ ಹಾಕಿ ನೋಡಲಿ. ಸಂದಿಗಳು ತುಂಬಿದಂತೆ ನೀರು ಮೇಲಕ್ಕೆ ಸರಿಯುತ್ತದೆ.

2. ಎಣಿಕೆ: ಚೌಕಾಬಾರದ ಬೀಜಗಳು

ಚೌಕಾಬಾರಕ್ಕೆ ಮಾಡುವಂತೆ ಐದು ಹುಣಸೆ ಬೀಜಗಳ ಒಂದು ಮುಖವನ್ನು ಉಜ್ಜಿ ಬಿಳಿ ಮಾಡಿಕೊಳ್ಳಿ. ಎಲ್ಲ ಮಕ್ಕಳಿಗೂ: ಎಸೆದು ಎಷ್ಟು ಬಿಳಿ, ಎಷ್ಟು ಕಪ್ಪು ಎಂದು ಎಣಿಸುವುದು. ಮುಂದಿನ ಹೆಜ್ಜೆ: ಬೀಜಗಳನ್ನು ಬಟ್ಟೆಯಿಂದ ಮುಚ್ಚಿ, ‘ಮೂರು ಬಿಳಿ ಇದೆ, ಕಪ್ಪು ಎಷ್ಟು?’ ಎಂದು ಕೇಳುವುದು. ಸವಾಲು: ‘ಐದು ಬೀಜ ಎಷ್ಟು ಬಗೆಯಲ್ಲಿ ಬೀಳಬಹುದು? ಎಲ್ಲ ಬಗೆಯೂ ಸಿಕ್ಕಿತೆಂದು ನಿನಗೆ ಹೇಗೆ ಗೊತ್ತು?’ ಒಂದೂ ಬಿಳಿ ಇಲ್ಲದ್ದರಿಂದ ಐದೂ ಬಿಳಿಯವರೆಗೆ ಒಟ್ಟು ಆರು ಬಗೆ. ‘ಆರು ಬೀಜ ಇದ್ದರೆ?’ ಎಂದಾಗ ಎಸೆಯದೆಯೇ ‘ಏಳು’ ಎನ್ನುವ ಮಗು ಇದ್ದೀತು. ಆಗಲೂ ‘ಹೇಗೆ?’ ಎಂದು ಕೇಳಿ. ಉತ್ತರಕ್ಕಿಂತ ಆ ವಿವರಣೆಯಲ್ಲಿ ಗಣಿತ ಹೆಚ್ಚಿದೆ. ತೀರಾ ಚಿಕ್ಕ ಮಕ್ಕಳು ಬೀಜಗಳನ್ನು ಬಾಯಿಗೆ ಹಾಕಿಕೊಳ್ಳದಂತೆ ಗಮನವಿರಲಿ.

3. ಅಕ್ಷರ: ಚೀಟಿಯ ಆಟ

ತರಗತಿ ‘ರ’ ಮತ್ತು ‘ಮ’ ಗುರುತಿಸುತ್ತಿರುವಾಗ ಒಂದು ಮಗು ಆಗಲೇ ಓದುತ್ತಿದೆ ಎಂದುಕೊಳ್ಳಿ. ಅದಕ್ಕೆ ಮ, ರ, ನ, ವ ಎಂಬ ನಾಲ್ಕು ಅಕ್ಷರದ ಚೀಟಿ ಕೊಡಿ. ‘ಮರ’ದಿಂದ ಹೊರಟು ಒಂದು ಸಲಕ್ಕೆ ಒಂದೇ ಅಕ್ಷರ ಬದಲಿಸುತ್ತಾ ‘ವನ’ಕ್ಕೆ ಹೋಗಬೇಕು, ಬೇರೆ ದಾರಿಯಲ್ಲಿ ಮರಳಬೇಕು. ಮರ, ಮನ, ವನ. ಮರಳಿ ವರ, ಮರ. ಇನ್ನೊಂದು ದಿನ, ಹಿಂದಿನಿಂದ ಓದಿದರೂ ಹಾಗೇ ಇರುವ ಪದಗಳ ಬೇಟೆ: ಗದಗ, ಕನಕ, ಸರಸ, ನಯನ. ಓದಲು ಬಾರದಿದ್ದರೂ ಕಿವಿ ಚುರುಕಾದ ಮಗುವಿಗೆ, ‘ಅರಸದಲ್ಲಿ ಅ ತೆಗೆದರೆ ಏನು ಉಳಿಯುತ್ತೆ?’ ಎಂಬ ಬಾಯಾಟ. ಈ ಯಾವುದರಲ್ಲೂ ಪೆನ್ಸಿಲ್ ಬೇಕಿಲ್ಲ.

ಮೂವತ್ತು ಮಕ್ಕಳ ನಡುವೆ ನಿರ್ವಹಣೆ

‘ಒಬ್ಬರಿಗಾಗಿ ಬೇರೆ ಪಾಠ ಮಾಡಲು ಆಗುತ್ತದೆಯೇ?’ ಎಂಬುದು ನ್ಯಾಯವಾದ ಪ್ರಶ್ನೆ. ಇದಕ್ಕೆ ನಮ್ಮ ನೆಲದಲ್ಲೇ ಉತ್ತರವಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ನಂತರ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿದ ನಲಿ-ಕಲಿ ಪದ್ಧತಿಯಲ್ಲಿ ಮಕ್ಕಳು ಕಲಿಕಾ ಏಣಿಯಲ್ಲಿ ತಮ್ಮ ತಮ್ಮ ವೇಗದಲ್ಲಿ ಹತ್ತುತ್ತಾರೆ. ಶಿಕ್ಷಕರ ನೆರವಿನ ಗುಂಪಿನಿಂದ ಗೆಳೆಯರ ನೆರವಿನ ಗುಂಪಿಗೆ, ಅಲ್ಲಿಂದ ಸ್ವಕಲಿಕೆಯ ಗುಂಪಿಗೆ ಸಾಗುತ್ತಾರೆ. ಪೂರ್ವ ಪ್ರಾಥಮಿಕದಲ್ಲಿ ಇಷ್ಟು ದೊಡ್ಡ ವ್ಯವಸ್ಥೆ ಬೇಕಿಲ್ಲ, ಆ ತತ್ತ್ವ ಸಾಕು.

ಕೋಣೆಯ ಒಂದು ಮೂಲೆಯಲ್ಲಿ ‘ಮುಂದಿನ ಬುಟ್ಟಿ’ ಇಡಿ. ವಾರಕ್ಕೆ ನಾಲ್ಕೈದು ಕೆಲಸಗಳು ಅದರಲ್ಲಿರಲಿ. ಕೆಲಸ ಮುಗಿದ ಯಾವ ಮಗು ಬೇಕಾದರೂ ಹೋಗಿ ತೆಗೆದುಕೊಳ್ಳಬಹುದು ಎಂಬ ನಿಯಮವಿರಲಿ. ‘ಜಾಣರ ಬುಟ್ಟಿ’ ಎಂದು ಹೆಸರಿಡಬೇಡಿ. ಎಲ್ಲರಿಗೂ ತೆರೆದಿಟ್ಟಾಗ, ನಾವು ಎಣಿಸಿರದ ಮಗುವೊಂದು ಅಲ್ಲಿ ಕೂತು ಕೆಲಸದಲ್ಲಿ ಮುಳುಗಿರುವುದು ಕಾಣುತ್ತದೆ. ಗುರುತಿಸುವ ಒಳ್ಳೆಯ ವಿಧಾನಗಳಲ್ಲಿ ಅದೂ ಒಂದು. ದಿನಕ್ಕೆ ಐದು ನಿಮಿಷ ಆ ಮೂಲೆಗೆ ಹೋಗಿ ‘ಹೇಗೆ ಮಾಡಿದೆ, ತೋರಿಸು’ ಎಂದು ಕೇಳಬೇಕು. ಕೇಳುವವರಿಲ್ಲದ ಬುಟ್ಟಿ ಬೇಗ ಮೂಲೆಗುಂಪಾಗುತ್ತದೆ.

ಗೆಳೆಯರಿಗೆ ಹೇಳಿಕೊಡುವುದು ಒಳ್ಳೆಯ ಅಭ್ಯಾಸವೇ. ಆದರೆ ಅದೊಂದೇ ಆ ಮಗುವಿನ ದಿನನಿತ್ಯದ ಕೆಲಸವಾದರೆ, ನಮ್ಮ ಕೆಲಸವನ್ನು ಐದು ವರ್ಷದ ಮಗುವಿನ ಹೆಗಲಿಗೆ ಹಾಕಿದಂತೆ.

ಹೊಗಳಿಕೆಯಲ್ಲಿ ಎಚ್ಚರ

‘ನೀನು ಜಾಣ’ ಎಂಬ ಮಾತು ಹಿತವಾಗಿದ್ದರೂ ಅದರಲ್ಲಿ ತೊಡಕಿದೆ. ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ, ಬುದ್ಧಿಯನ್ನು ಹೊಗಳಿಸಿಕೊಂಡ ಐದನೇ ತರಗತಿಯ ಮಕ್ಕಳು ಕಷ್ಟದ ಕೆಲಸ ಎದುರಾದ ಮೇಲೆ ಬೇಗ ಉತ್ಸಾಹ ಕಳೆದುಕೊಂಡರು. ಪ್ರಯತ್ನವನ್ನು ಹೊಗಳಿಸಿಕೊಂಡವರು ಮುಂದುವರಿದರು. ಆ ಮಕ್ಕಳು ನಮ್ಮ ಮಕ್ಕಳಿಗಿಂತ ದೊಡ್ಡವರು, ಆದರೂ ನಾವು ಪಡೆಯಬೇಕಾದ ಸೂಚನೆ ಸ್ಪಷ್ಟವಾಗಿದೆ. ‘ಎರಡು ಸಲ ತಪ್ಪಿದರೂ ಬಿಡದೆ ಮಾಡಿದೆ’ ಎಂದು ಮಾಡಿದ ಕೆಲಸವನ್ನೇ ಹೆಸರಿಸಿ ಹೇಳಿ. ತಕ್ಕ ಸವಾಲಿನಲ್ಲಿ ಮಗು ಆಗಾಗ ತಪ್ಪಲೇಬೇಕು. ಎಲ್ಲವೂ ಸರಿಯಾಗಿ ಬರುತ್ತಿದ್ದರೆ ಕೆಲಸ ಸುಲಭವಾಯಿತು ಎಂದರ್ಥ. ಅಳು ಬರುವಷ್ಟು ತಪ್ಪುತ್ತಿದ್ದರೆ ಒಂದು ಹೆಜ್ಜೆ ಹಿಂದೆ ಬನ್ನಿ.

ಪೋಷಕರು ಬಂದು ಕೇಳಿದಾಗ

‘ನಮ್ಮ ಮಗಳಿಗೆ ಎಲ್ಲ ಬರುತ್ತೆ ಮೇಡಂ, ಒಂದನೇ ಕ್ಲಾಸಿಗೇ ಕೂರಿಸಿ’ ಎಂದು ಕೇಳುವ ತಾಯಿ ತಂದೆ ಇರುತ್ತಾರೆ. ತರಗತಿ ಬದಲಿಸುವುದು ಪ್ರಶಿಕ್ಷಣಾರ್ಥಿಯ ಅಧಿಕಾರವಲ್ಲ. ದಾಖಲಾತಿಗೆ ವಯಸ್ಸಿನ ನಿಯಮಗಳಿವೆ. ಹಾಗೆಂದು ‘ಎಲ್ಲ ಮಕ್ಕಳೂ ಒಂದೇ’ ಎಂದು ಸಾಗಹಾಕಬಾರದು. ಆ ಮಾತಿನ ಹಿಂದೆ ಒಂದು ಮಾಹಿತಿ ಇದೆ. ‘ಮನೆಯಲ್ಲಿ ತಾನಾಗಿ ಏನು ಮಾಡುತ್ತಾಳೆ? ಏನು ಕೇಳುತ್ತಾಳೆ? ಯಾವುದರಲ್ಲಿ ಹೊತ್ತು ಹೋದದ್ದೇ ತಿಳಿಯುವುದಿಲ್ಲ?’ ಎಂದು ವಿಚಾರಿಸಿ. ಆಮೇಲೆ ಮಾರ್ಗದರ್ಶಕ ಶಿಕ್ಷಕಿಯವರ ಜೊತೆ ಮಾತಾಡಿ. ‘ಮಗುವಿಗೆ ಬೇಸರವಾಗುತ್ತಿದೆ’ ಎಂದರೆ ಅವರಿಗೆ ದೂರಿನಂತೆ ಕೇಳಿಸಬಹುದು. ‘ಮೇಡಂ, ಇವಳು ಬೀಜದ ಆಟದಲ್ಲಿ ಹೀಗೆ ಯೋಚಿಸಿದಳು, ನಾಳೆ ಈ ಕೆಲಸ ಕೊಟ್ಟು ನೋಡಲೇ?’ ಎಂದು ನಿರ್ದಿಷ್ಟವಾಗಿ ಕೇಳಿದರೆ ಒಪ್ಪಿಗೆ ಸಿಗುವ ಸಾಧ್ಯತೆ ಹೆಚ್ಚು.

ಪಾಠಯೋಜನೆಯಲ್ಲಿ ಸೇರಿಸಬೇಕಾದದ್ದು

ಪ್ರತಿ ಪಾಠಯೋಜನೆಯ ಚಟುವಟಿಕೆಯ ಅಂಕಣದ ಕೆಳಗೆ ಮೂರು ಸಾಲು ಸೇರಿಸಿಕೊಳ್ಳಿ: ಎಲ್ಲರಿಗೂ ಇರುವ ಕೆಲಸ, ಮುಂದಿನ ಹೆಜ್ಜೆ, ಸವಾಲಿನ ಪ್ರಶ್ನೆ. ಪಾಠದ ನಂತರ ಯಾವ ಮಗು ಎಲ್ಲಿಯವರೆಗೆ ಹೋಯಿತು, ಏನು ಹೇಳಿತು ಎಂಬುದನ್ನು ಆ ಮಗುವಿನ ಮಾತಿನಲ್ಲೇ ಬರೆದಿಡಿ.

ಬೋಧನಾಭ್ಯಾಸದ ವಾರಗಳು ಮುಗಿದ ಮೇಲೆ ನಾವು ಕಾಲೇಜಿಗೆ ಮರಳುತ್ತೇವೆ, ಮಗು ಅದೇ ತರಗತಿಯಲ್ಲಿ ಉಳಿಯುತ್ತದೆ. ಆದ್ದರಿಂದ ಕೊನೆಯ ದಿನ ಆ ಟಿಪ್ಪಣಿಯ ಒಂದು ಪ್ರತಿಯನ್ನೂ ಬುಟ್ಟಿಯನ್ನೂ ತರಗತಿಯ ಶಿಕ್ಷಕಿಯವರ ಕೈಗೆ ಒಪ್ಪಿಸಿ ಬನ್ನಿ.