ಎರಡಾಣೆ ಪಿಗ್ಮಿಯಿಂದ ತಿಂಗಳ ಎಸ್‌ಐಪಿವರೆಗೆ

ತಿಂಗಳ ಐದನೇ ತಾರೀಖಿಗೋ ಹತ್ತನೇ ತಾರೀಖಿಗೋ ಬ್ಯಾಂಕ್ ಖಾತೆಯಿಂದ ತಾನಾಗಿಯೇ ಹಣ ಕಡಿತವಾಗಿ ಮ್ಯೂಚುವಲ್ ಫಂಡಿಗೆ ಸೇರುವ ಎಸ್‌ಐಪಿ ಇವತ್ತು ಶಾಲಾ ಶಿಕ್ಷಕರಿಗೂ ಗೊತ್ತು, ಮೆಡಿಕಲ್ ಶಾಪ್ ಇಟ್ಟವರಿಗೂ ಗೊತ್ತು. 2024ರ ಏಪ್ರಿಲ್‌ನಲ್ಲಿ ದೇಶದ ಜನ ಒಂದೇ ತಿಂಗಳಲ್ಲಿ ಈ ದಾರಿಯಿಂದ ಹೂಡಿದ ಮೊತ್ತ ಮೊದಲ ಸಲ 20,000 ಕೋಟಿ ರೂಪಾಯಿ ದಾಟಿತು. ಅದರಲ್ಲಿ ಬಹುಪಾಲು ಸಾವಿರ, ಎರಡು ಸಾವಿರ, ಐದು ಸಾವಿರದ ಕಂತುಗಳು.

ಇದು ಮುಂಬೈ ಶೇರು ಪೇಟೆಯ ಹೊಸ ಕೂಸು ಎಂದು ತಿಳಿದವರು ಹೆಚ್ಚು. ಎಸ್‌ಐಪಿಯ ವಿಧಾನ ಹೊರದೇಶದಿಂದ ಬಂದದ್ದು ನಿಜ. ಆದರೆ ಚಿಕ್ಕ ಮೊತ್ತವನ್ನು ಗೊತ್ತಾದ ದಿನ ತಪ್ಪದೆ ಕಟ್ಟುವ ರೂಢಿಯನ್ನು ನಮ್ಮ ಕರಾವಳಿಯ ಜನ ಅದಕ್ಕೂ ಬಹಳ ಮೊದಲೇ ಕಲಿತಿದ್ದರು. ಆ ರೂಢಿಗೆ ಒಟ್ಟುಗೂಡಿಸಿದ ಹೂಡಿಕೆ, ಕಾನೂನಿನ ಕಾವಲು, ಕಡಿಮೆ ಖರ್ಚು ಎಂಬ ಮೂರು ಸಂಗತಿಗಳು ಒಂದೊಂದಾಗಿ ಬಂದು ಸೇರಲು ಎಂಟು ದಶಕಗಳೇ ಹಿಡಿದವು. ಆ ನಡುವೆ ಆದ ನಷ್ಟವನ್ನು ಭರಿಸಿದವರು ಮಧ್ಯಮ ವರ್ಗದವರೇ.

ಮನೆಬಾಗಿಲಿಗೆ ಬಂದ ಬ್ಯಾಂಕು

1920ರ ದಶಕದಲ್ಲಿ ಉಡುಪಿ ಭಾಗದ ಕೈಮಗ್ಗದ ಕಸುಬು ಕಷ್ಟಕ್ಕೆ ಸಿಲುಕಿತ್ತು. ನೇಕಾರರಿಗೆ ನೆರವಾಗಬೇಕೆಂದು 1925ರಲ್ಲಿ ಮೂವರು ಸೇರಿ ‘ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್’ ಕಟ್ಟಿದರು: ವ್ಯಾಪಾರಿ ಉಪೇಂದ್ರ ಅನಂತ ಪೈ, ಇಂಜಿನಿಯರ್ ವಾಮನ ಕುಡ್ವ, ವೈದ್ಯ ಡಾ. ಟಿ.ಎಂ.ಎ. ಪೈ. ಮೂಲ ಬಂಡವಾಳ 8,000 ರೂಪಾಯಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು ಇದೇ ಸಂಸ್ಥೆ.

ಸಾಲ ಕೊಡಬೇಕಾದರೆ ಠೇವಣಿ ಬೇಕು. ದೊಡ್ಡ ಠೇವಣಿ ಇಡುವ ಶ್ರೀಮಂತರು ಊರಿಗೆ ಎಷ್ಟು ಮಂದಿ? ಇನ್ನುಳಿದವರ ಕೈಯಲ್ಲಿ ಹಣ ಇರುತ್ತಿರಲಿಲ್ಲ ಎಂದಲ್ಲ, ಸಂಜೆಯವರೆಗೆ ಉಳಿಯುತ್ತಿರಲಿಲ್ಲ. ಮೀನು ಮಾರುವವರು, ಬೀಡಿ ಕಟ್ಟುವವರು, ಗೂಡಂಗಡಿಯವರು ನಾಲ್ಕು ಕಾಸು ಹಿಡಿದು ಬ್ಯಾಂಕಿನ ಮೆಟ್ಟಿಲು ಹತ್ತುವುದೂ ಆಗದ ಮಾತು. 1928ರಲ್ಲಿ ಶುರುವಾದ ಪಿಗ್ಮಿ ಠೇವಣಿ ಈ ಗಂಟನ್ನು ಬಿಡಿಸಿತು. ಬ್ಯಾಂಕಿನ ಏಜೆಂಟರೇ ದಿನವೂ ಮನೆಗೆ, ಅಂಗಡಿಗೆ ಬಂದು ಹಣ ಪಡೆದು ಬರೆದುಕೊಂಡು ಹೋಗುವ ಏರ್ಪಾಡು ಅದು. ಎರಡಾಣೆ ಕೊಟ್ಟರೂ ಸಾಕಿತ್ತು.

ಲೆಕ್ಕ ಹಾಕಿ ನೋಡಿ. ದಿನಕ್ಕೆ ಎರಡಾಣೆ ಎಂದರೆ 30 ದಿನಕ್ಕೆ 60 ಆಣೆ, ಅಂದರೆ ಮೂರು ರೂಪಾಯಿ ಹನ್ನೆರಡಾಣೆ. ಒಬ್ಬರ ಪಾಲಿಗೆ ಅದು ಚಿಕ್ಕ ಮೊತ್ತವೇ. ಊರಿನ ನೂರಾರು ಜನ ಕಟ್ಟಿದಾಗ ಬ್ಯಾಂಕಿಗೆ ಬಂಡವಾಳವಾಯಿತು, ಕಟ್ಟಿದವರಿಗೆ ಮಗಳ ಮದುವೆಗೋ ಮನೆಯ ಹಂಚಿಗೋ ಒದಗುವ ಇಡುಗಂಟಾಯಿತು. ಬಡವರು ಉಳಿಸಲಾರರು ಎಂಬ ನಂಬಿಕೆಯನ್ನು ಪಿಗ್ಮಿ ಸುಳ್ಳು ಮಾಡಿತು. ಖರ್ಚಿಗೆ ಮೊದಲೇ ಉಳಿತಾಯವನ್ನು ಕೈಯಿಂದ ಬೇರೆ ಮಾಡಿಬಿಡಬೇಕು ಎಂಬ ಇದರ ಗುಟ್ಟೇ ಇವತ್ತಿನ ಎಸ್‌ಐಪಿಯ ಗುಟ್ಟು ಕೂಡ.

ಕೆನರಾ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕ್, ಕರ್ನಾಟಕ ಬ್ಯಾಂಕ್, ವಿಜಯಾ ಬ್ಯಾಂಕ್ ಹುಟ್ಟಿದ್ದೂ ಇದೇ ದಕ್ಷಿಣ ಕನ್ನಡದ ನೆಲದಲ್ಲಿ, 1906ರಿಂದ 1931ರೊಳಗೆ. ಆದರೂ ಬ್ಯಾಂಕು ಎಂದರೆ ಪೂರ್ತಿ ನಿರ್ಭಯವೇನಲ್ಲ ಎಂಬುದು 1960ರಲ್ಲಿ ಕೇರಳದ ಪಾಲಾಯ್ ಸೆಂಟ್ರಲ್ ಬ್ಯಾಂಕ್ ಮುಳುಗಿದಾಗ ಗೊತ್ತಾಯಿತು. ಅದರ ಬೆನ್ನಿಗೇ, 1962ರ ಜನವರಿಯಿಂದ, ಠೇವಣಿ ವಿಮೆ ಜಾರಿಗೆ ಬಂತು. ಆಗ ಒಬ್ಬರಿಗೆ 1,500 ರೂಪಾಯಿವರೆಗೆ ಇದ್ದ ರಕ್ಷಣೆ 2020ರಿಂದ 5 ಲಕ್ಷ ರೂಪಾಯಿ ಆಗಿದೆ.

ಹತ್ತು ರೂಪಾಯಿಯ ಯೂನಿಟ್ಟು

ಉಳಿಸುವುದು ಅರ್ಧ ಕೆಲಸ. ಬೆಲೆ ಏರಿಕೆಗಿಂತ ವೇಗವಾಗಿ ಹಣ ಬೆಳೆಯದಿದ್ದರೆ ಉಳಿಸಿದ್ದು ಕಣ್ಣೆದುರೇ ಕರಗುತ್ತದೆ. ಎಫ್‌ಡಿ ಬಡ್ಡಿ ಶೇ 7 ಇದೆಯೆನ್ನಿ. ಶೇ 30ರ ತೆರಿಗೆ ಹಂತದಲ್ಲಿರುವವರಿಗೆ ಅದರಲ್ಲಿ ಕೈಗೆ ದಕ್ಕುವುದು ಶೇ 5ಕ್ಕಿಂತ ಕಡಿಮೆ. ಶಾಲೆಯ ಫೀಸು, ಆಸ್ಪತ್ರೆಯ ಬಿಲ್ಲು ಅದಕ್ಕಿಂತ ಬೇಗ ಏರುತ್ತವೆ. ಉದ್ದಿಮೆಗಳ ಲಾಭದಲ್ಲಿ ಪಾಲು ಸಿಗದ ಹೊರತು ಸಂಬಳದಾರರ ಸಂಪತ್ತು ಬೆಳೆಯುವುದು ಕಷ್ಟ. ಆದರೆ ಶೇರು ಆರಿಸಲು ಬೇಕಾದ ತಿಳಿವಳಿಕೆಯಾಗಲಿ ಬಿಡುವಾಗಲಿ ಎಲ್ಲರಿಗೂ ಎಲ್ಲಿರುತ್ತದೆ?

ಇದಕ್ಕೆ ಸರ್ಕಾರ ಕಂಡುಕೊಂಡ ಉತ್ತರ ಯೂನಿಟ್ ಟ್ರಸ್ಟ್ ಆಫ್ ಇಂಡಿಯಾ (ಯುಟಿಐ). ಟಿ.ಟಿ. ಕೃಷ್ಣಮಾಚಾರಿ ಹಣಕಾಸು ಸಚಿವರಾಗಿದ್ದಾಗ, 1963ರ ಕಾಯ್ದೆಯಂತೆ ರೂಪುಗೊಂಡ ಈ ಸಂಸ್ಥೆ 1964ರ ಜುಲೈಯಲ್ಲಿ ತನ್ನ ಮೊದಲ ಯೋಜನೆಯನ್ನು ಮಾರಾಟಕ್ಕಿಟ್ಟಿತು. ಅದೇ ಯುಎಸ್-64. ಯೂನಿಟ್ ಒಂದಕ್ಕೆ ಹತ್ತು ರೂಪಾಯಿ. ಸಾವಿರಾರು ಜನರ ಹಣವನ್ನು ಒಟ್ಟುಗೂಡಿಸಿ, ಬಲ್ಲವರು ಸಾಲಪತ್ರ, ಶೇರುಗಳಲ್ಲಿ ತೊಡಗಿಸಿ, ಬಂದ ಲಾಭವನ್ನು ಯೂನಿಟ್ಟಿನ ಲೆಕ್ಕದಲ್ಲಿ ಹಂಚುವ, ಇಂದು ಮ್ಯೂಚುವಲ್ ಫಂಡ್ ಎನ್ನುವ ಕ್ರಮವದು. ನಿವೃತ್ತ ಮೇಷ್ಟ್ರು, ಗುಮಾಸ್ತರು, ವಿಧವೆಯರು ಪಿಎಫ್ ಹಣವನ್ನು ತಂದು ಯುಎಸ್-64ರಲ್ಲಿಟ್ಟರು. ಸರ್ಕಾರದ್ದೇ ಅಲ್ಲವೇ ಎಂಬ ಭರವಸೆ ಅವರಿಗೆ ಸಾಕಾಗಿತ್ತು.

ಶೇರು ಪೇಟೆಯ ಬಿಸಿಲು ನೆರಳು

ಜನಸಾಮಾನ್ಯರು ನೇರವಾಗಿ ಶೇರು ಕೊಳ್ಳುವ ದಾರಿ ಅಗಲವಾದದ್ದು 1970ರ ದಶಕದಲ್ಲಿ. ವಿದೇಶಿ ವಿನಿಮಯವನ್ನು ನಿಯಂತ್ರಿಸುವ 1973ರ ಫೆರಾ ಕಾಯ್ದೆ ಬಹುತೇಕ ವಿದೇಶಿ ಕಂಪನಿಗಳ ಪಾಲನ್ನು ಶೇ 40ಕ್ಕೆ ಇಳಿಸುವಂತೆ ಮಾಡಿದಾಗ ಕೋಲ್ಗೇಟ್‌ನಂಥ ಕಂಪನಿಗಳ ಶೇರು ಜನಸಾಮಾನ್ಯರಿಗೂ ಸಿಕ್ಕಿತು. 1977ರಲ್ಲಿ ರಿಲಯನ್ಸ್ ಸಾರ್ವಜನಿಕರಿಗೆ ಶೇರು ನೀಡಿತು. 1986ರಲ್ಲಿ ಯುಟಿಐ ಶೇರುಗಳಿಗೆಂದೇ ಮಾಸ್ಟರ್‌ಶೇರ್ ಯೋಜನೆ ತಂದಿತು. ಮರುವರ್ಷ ಎಸ್‌ಬಿಐ ಮತ್ತು ಕೆನರಾ ಬ್ಯಾಂಕ್ ತಮ್ಮದೇ ಮ್ಯೂಚುವಲ್ ಫಂಡ್ ಆರಂಭಿಸಿದವು.

ಆದರೆ ಪೇಟೆಗೆ ಕಾವಲು ಇರಲಿಲ್ಲ. 1992ರಲ್ಲಿ ಶೇರು ದಲ್ಲಾಳಿ ಹರ್ಷದ್ ಮೆಹ್ತಾ ಬ್ಯಾಂಕುಗಳ ಹಣವನ್ನು ಶೇರು ಪೇಟೆಗೆ ಹರಿಸಿದ್ದು ಬಯಲಾಗಿ ಬೆಲೆಗಳು ಕುಸಿದಾಗ, ಏರುವ ಬೆಲೆ ನೋಡಿ ಕೊನೆಗೆ ಬಂದು ಸೇರಿದ ಸಣ್ಣವರು ಸಿಕ್ಕಿಬಿದ್ದರು. ಶೇರು ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಗೆ ಕಾನೂನಿನ ಬಲ ಬಂದದ್ದೂ ಅದೇ ವರ್ಷ. 1993ರಲ್ಲಿ ಖಾಸಗಿ ಮ್ಯೂಚುವಲ್ ಫಂಡ್‌ಗಳಿಗೆ ಬಾಗಿಲು ತೆರೆಯಿತು. ಅದೇ ವರ್ಷ ಬೆಂಗಳೂರಿನ ಇನ್ಫೊಸಿಸ್ 95 ರೂಪಾಯಿಗೆ ಶೇರು ನೀಡಿತು. ಅದನ್ನು ಕೊಂಡು ತಾಳ್ಮೆಯಿಂದ ಇಟ್ಟುಕೊಂಡವರು ಏನಾದರು ಎಂಬುದನ್ನು ಬೆಂಗಳೂರಿನ ಮಧ್ಯಮ ವರ್ಗ ಹತ್ತಿರದಿಂದಲೇ ಕಂಡಿತು. ಅದೇ ದಶಕದಲ್ಲಿ ತೇಗದ ತೋಟದ ಸ್ಕೀಮುಗಳಿಗೆ, ಹಣ ಎತ್ತಿಕೊಂಡು ಮಾಯವಾದ ಕಂಪನಿಗಳಿಗೆ ದುಡ್ಡು ಕಟ್ಟಿ ಕಳೆದುಕೊಂಡವರೂ ಇದೇ ವರ್ಗದವರು.

1996ರಲ್ಲಿ ಎರಡು ಮುಖ್ಯ ಕೆಲಸಗಳಾದವು. ಕಾಗದದ ಶೇರುಪತ್ರದ ಜಾಗಕ್ಕೆ ಕಂಪ್ಯೂಟರ್ ದಾಖಲೆಯಾದ ಡಿಮ್ಯಾಟ್ ಬಂತು. ಮ್ಯೂಚುವಲ್ ಫಂಡ್‌ಗಳಿಗೆ ಸೆಬಿಯ ಪರಿಷ್ಕೃತ ನಿಯಮಾವಳಿ ಬಂತು. ಈ ವ್ಯವಸ್ಥೆಯಲ್ಲಿ ಹಣ ಹೂಡುವ ತೀರ್ಮಾನ ಮಾಡುವ ಕಂಪನಿ ಬೇರೆ, ಹೂಡಿಕೆದಾರರ ಪರ ನಿಲ್ಲುವ ಟ್ರಸ್ಟು ಬೇರೆ, ಶೇರುಗಳನ್ನು ಕಾಪಿಡುವ ಕಸ್ಟೋಡಿಯನ್ ಬೇರೆ. ಫಂಡ್ ಕಂಪನಿಯೇ ನಷ್ಟದಲ್ಲಿ ಮುಚ್ಚಿದರೂ ಹೂಡಿಕೆದಾರರ ಆಸ್ತಿ ಅದರ ಸಾಲಗಾರರ ಪಾಲಾಗುವುದಿಲ್ಲ.

2001: ನಂಬಿಕೆ ಮುರಿದ ವರ್ಷ

ಯುಎಸ್-64 ಮಾತ್ರ ಹಳೆಯ ದಾರಿಯಲ್ಲೇ ಉಳಿಯಿತು. ತನ್ನಲ್ಲಿರುವ ಆಸ್ತಿಯ ನಿಜಬೆಲೆಯನ್ನು ಅದು ಪ್ರಕಟಿಸುತ್ತಿರಲಿಲ್ಲ. ಯೂನಿಟ್ ಕೊಳ್ಳುವ, ಮಾರುವ ದರವನ್ನು ಆಡಳಿತವೇ ಗೊತ್ತು ಮಾಡುತ್ತಿತ್ತು. ಆ ಹೊತ್ತಿಗೆ ಅದರ ಹಣದ ಬಹುಭಾಗ ಶೇರುಗಳಲ್ಲಿತ್ತು, ಹೂಡಿದವರು ಮಾತ್ರ ಅದನ್ನು ಠೇವಣಿಯೆಂದೇ ನಂಬಿದ್ದರು. ಶೇರು ಬೆಲೆಗಳು ಕುಸಿದಾಗ, 2001ರ ಜುಲೈ ಆರಂಭದಲ್ಲಿ, ಯೂನಿಟ್‌ಗಳ ಮಾರಾಟವನ್ನೂ ಮರುಖರೀದಿಯನ್ನೂ ಆರು ತಿಂಗಳು ನಿಲ್ಲಿಸಲಾಯಿತು. ಸುಮಾರು ಎರಡು ಕೋಟಿ ಜನರ ಉಳಿತಾಯ ಒಮ್ಮೆಗೇ ಬೀಗದೊಳಗೆ ಬಿತ್ತು. ಕೊನೆಗೆ ಸರ್ಕಾರವೇ ಕೈಹಿಡಿಯಬೇಕಾಯಿತು. 2003ರಲ್ಲಿ ಯುಟಿಐ ಎರಡು ಭಾಗವಾಯಿತು, ಯುಎಸ್-64 ಯೂನಿಟ್‌ಗಳು ಶೇ 6.75 ಬಡ್ಡಿಯ ತೆರಿಗೆರಹಿತ ಬಾಂಡುಗಳಾದವು.

ಅದೇ 2001ರ ಫೆಬ್ರವರಿಯಲ್ಲಿ ಪಿಗ್ಮಿ ಕಥೆಗೆ ಸಂಬಂಧಿಸಿದ ಒಂದು ತೀರ್ಪನ್ನು ಸುಪ್ರೀಂ ಕೋರ್ಟ್ ಕೊಟ್ಟಿತ್ತು. ಮನೆಮನೆ ಸುತ್ತಿ ಠೇವಣಿ ಸಂಗ್ರಹಿಸುವವರು ಬರಿಯ ಕಮಿಷನ್ ಏಜೆಂಟರಲ್ಲ, ಕಾನೂನಿನ ಪ್ರಕಾರ ಕಾರ್ಮಿಕರು ಎಂದು ಅದು ಹೇಳಿತು. ಮೊಕದ್ದಮೆಯಲ್ಲಿದ್ದವರು ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿ ಸಂಗ್ರಾಹಕರೇ. ದಶಕಗಳ ಕಾಲ ಜನರ ನಂಬಿಕೆಯನ್ನು ಹೊತ್ತು ನಡೆದವರಿಗೆ ಈ ಮನ್ನಣೆ ತಡವಾಗಿಯಾದರೂ ದೊರೆಯಿತು.

ಯುಎಸ್-64 ಕಲಿಸಿದ ಪಾಠ ಸರಳವಾಗಿದೆ. ಯಾರು ನಡೆಸುತ್ತಾರೆ ಎಂಬುದಕ್ಕಿಂತ, ನನ್ನ ಹಣದ ಬೆಲೆ ಇವತ್ತು ಎಷ್ಟು ಎಂಬುದನ್ನು ಅವರು ಬಯಲಲ್ಲಿ ಹೇಳುತ್ತಾರೆಯೇ ಎಂಬುದು ಮುಖ್ಯ. ಇವತ್ತು ಪ್ರತಿ ಫಂಡೂ ವ್ಯವಹಾರದ ದಿನಗಳಲ್ಲಿ ತನ್ನ ಯೂನಿಟ್ ಒಂದರ ಆ ದಿನದ ಬೆಲೆಯಾದ ಎನ್‌ಎವಿ ಪ್ರಕಟಿಸಲೇಬೇಕು.

ಕಂತಿನ ಕಾಲ

ಎಸ್‌ಐಪಿ ಮೊದಲು ಬಂದಾಗ ಮುಂದಿನ ತಾರೀಖಿನ ಚೆಕ್ಕುಗಳನ್ನು ಕಂತೆ ಕಟ್ಟಿ ಕೊಡಬೇಕಿತ್ತು. ಆಮೇಲೆ ಖಾತೆಯಿಂದ ಹಣ ತಾನಾಗಿ ಕಡಿತವಾಗುವ ಇಸಿಎಸ್ ಬಂತು, ಈಗ ಮೊಬೈಲಿನಲ್ಲೇ ಮ್ಯಾಂಡೇಟ್ ಕೊಡಬಹುದು. ಇದರ ಬಲವಿರುವುದು ಒಂದು ಸಣ್ಣ ಲೆಕ್ಕದಲ್ಲಿ. ಎನ್‌ಎವಿ 20 ರೂಪಾಯಿ ಇದ್ದಾಗ ಸಾವಿರ ರೂಪಾಯಿಗೆ 50 ಯೂನಿಟ್ ಸಿಗುತ್ತವೆ. ಮರುತಿಂಗಳು ಅದು 10ಕ್ಕೆ ಇಳಿದರೆ 100 ಸಿಗುತ್ತವೆ. ಎರಡು ಸಾವಿರಕ್ಕೆ 150 ಯೂನಿಟ್, ಒಂದಕ್ಕೆ ಬಿದ್ದ ಬೆಲೆ 13 ರೂಪಾಯಿ 33 ಪೈಸೆ. ಎರಡು ತಿಂಗಳ ದರಗಳ ಸರಾಸರಿಯಾದ 15ಕ್ಕಿಂತ ಇದು ಕಡಿಮೆ. ಪೇಟೆ ಬಿದ್ದಾಗ ಹೆದರಿ ನಿಲ್ಲಿಸದವರಿಗೆ ಮಾತ್ರ ಈ ಅನುಕೂಲ.

ಖರ್ಚು ಕಡಿಮೆಯಾಗಲು ಇನ್ನೂ ಕೆಲವು ವರ್ಷ ಬೇಕಾದವು. 2009ರ ಆಗಸ್ಟ್‌ವರೆಗೆ ಹೂಡುವಾಗಲೇ ಶೇ 2.25ರವರೆಗೆ ಎಂಟ್ರಿ ಲೋಡ್ ಮುರಿದುಕೊಳ್ಳುತ್ತಿದ್ದರು. ಸೆಬಿ ಅದನ್ನು ರದ್ದು ಮಾಡಿತು. 2013ರ ಜನವರಿಯಿಂದ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್‌ಗಳು ಬಂದವು. ವರ್ಷದ ಖರ್ಚಿನಲ್ಲಿ ಶೇ 1ರ ವ್ಯತ್ಯಾಸ ಏನು ಮಹಾ ಎನ್ನಬೇಡಿ. ತಿಂಗಳಿಗೆ 5,000 ರೂಪಾಯಿಯಂತೆ 20 ವರ್ಷ ಕಟ್ಟಿದ ಹಣ ವರ್ಷಕ್ಕೆ ಶೇ 12ರಂತೆ ಬೆಳೆದರೆ ಸುಮಾರು 49 ಲಕ್ಷ ಆಗುತ್ತದೆ. ಶೇ 11ರಂತಾದರೆ ಸುಮಾರು 43 ಲಕ್ಷ. ಪೇಟೆ ಇಷ್ಟೇ ಕೊಡುತ್ತದೆಂಬ ಖಾತರಿ ಯಾರಿಗೂ ಇಲ್ಲ. ಆದರೆ ಖರ್ಚು ಎಷ್ಟು ತಿನ್ನುತ್ತದೆ ಎಂಬುದು ಮಾತ್ರ ಖಾತರಿ.

ಬಾಕಿ ಉಳಿದ ಕೆಲಸ

ಪಿಗ್ಮಿ ಶುರು ಮಾಡಿದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹಣ ಕಟ್ಟುವುದು ಇವತ್ತಿನಷ್ಟು ಸುಲಭ ಹಿಂದೆಂದೂ ಇರಲಿಲ್ಲ. ಆದರೆ ಹಣದ ಬಗ್ಗೆ ಬಿಡಿಸಿ ಹೇಳುವ, ದಿನವೂ ಎದುರಾಗುವ, ತಪ್ಪಿದರೆ ನಿಲ್ಲಿಸಿ ಕೇಳಬಹುದಾದ, ಪಿಗ್ಮಿ ಏಜೆಂಟರಂಥ ಮನುಷ್ಯ ಈ ವ್ಯವಸ್ಥೆಯಿಂದ ಮರೆಯಾಗಿದ್ದಾನೆ. ಆ ಜಾಗವನ್ನು ವಾಟ್ಸ್ಆ್ಯಪ್ ಟಿಪ್ಸ್ ಗುಂಪುಗಳು, ಹಣ ದುಪ್ಪಟ್ಟು ಮಾಡುವ ಆಸೆ ಹುಟ್ಟಿಸುವವರು, ವಿಮೆಯನ್ನೇ ಹೂಡಿಕೆಯೆಂದು ಮಾರುವವರು ತುಂಬುತ್ತಿದ್ದಾರೆ. ಕಮಿಷನ್ ಪಡೆಯದೆ ಸಲಹೆ ನೀಡುವವರಿಗಾಗಿ ಸೆಬಿ 2013ರಲ್ಲೇ ನಿಯಮ ತಂದಿದ್ದರೂ ಅಂಥವರು ಸಣ್ಣ ಊರುಗಳಿಗೆ ಇನ್ನೂ ತಲುಪಿಲ್ಲ. ಅಂಚೆ ಕಚೇರಿ, ಸಹಕಾರಿ ಸಂಘ, ಶಾಲೆಗಳ ಮೂಲಕ ಈ ತಿಳಿವಳಿಕೆಯನ್ನು ಕನ್ನಡದಲ್ಲಿ ಮನೆಬಾಗಿಲಿಗೆ ಒಯ್ಯುವುದು ಸರ್ಕಾರ, ಬ್ಯಾಂಕು, ಫಂಡ್ ಕಂಪನಿಗಳೆಲ್ಲರ ಹೊಣೆ.

ಅಲ್ಲಿಯವರೆಗೆ ಮೊದಲ ಕಂತು ಕಟ್ಟುವವರು ಈ ಇತಿಹಾಸದಿಂದಲೇ ಕಲಿಯಬಹುದು. ಆರು ತಿಂಗಳ ಮನೆಖರ್ಚನ್ನು ಬ್ಯಾಂಕಿನಲ್ಲಿಡಿ, ಆರೋಗ್ಯ ವಿಮೆ ಮಾಡಿಸಿ, ಹೆಚ್ಚಿನ ಬಡ್ಡಿಯ ಸಾಲ ತೀರಿಸಿ. ಐದಾರು ವರ್ಷ ಮುಟ್ಟದೆ ಬಿಡಬಲ್ಲ ಹಣವನ್ನಷ್ಟೇ ಶೇರು ಫಂಡಿಗೆ ಹಾಕಿ. ಹಾಕುವ ಮೊದಲು ಮೂರು ಪ್ರಶ್ನೆ ಕೇಳಿ: ನನ್ನ ಹಣ ಯಾರ ಕಾವಲಿನಲ್ಲಿರುತ್ತದೆ? ಅದರ ಇವತ್ತಿನ ಬೆಲೆಯನ್ನು ನಾನೇ ನೋಡಬಹುದೇ? ವರ್ಷಕ್ಕೆ ಎಷ್ಟು ಮುರಿದುಕೊಳ್ಳುತ್ತೀರಿ? ಉತ್ತರ ಕೊಡಲು ತಡವರಿಸುವವರಿಗೆ, ಅವರು ಎಷ್ಟೇ ಆಪ್ತರಿರಲಿ, ಒಂದು ರೂಪಾಯಿಯನ್ನೂ ಕೊಡಬೇಡಿ.