ಕುಂಡದ ಕಳ್ಳಿಗೆ ಎಂತಹ ಮಣ್ಣು?

ಕುಂಡದಲ್ಲಿ ಬೆಳೆಸಿದ ಪಾಪಾಸುಕಳ್ಳಿ, ಲೋಳೆಸರ ಮೊದಲಾದ ರಸಭರಿತ ಸಸ್ಯಗಳು ನೀರಿಲ್ಲದೆ ಸಾಯುವುದು ಅಪೂರ್ವ; ಅವು ಸಾಯುವುದು ಬಹುಮಟ್ಟಿಗೆ ಬೇರು ಕೊಳೆತು. ಬೇರುಗಳೂ ಉಸಿರಾಡುತ್ತವೆ. ಮಣ್ಣಿನ ಸಂದುಗಳಲ್ಲಿ ಗಾಳಿಯಿರಬೇಕಾದೆಡೆ ನೀರೇ ನಿಂತರೆ ಅವುಗಳಿಗೆ ಆಮ್ಲಜನಕ ದೊರೆಯದು.

ಕುಂಡದ ತಳದಲ್ಲಿ ಜಲ್ಲಿ ಹಾಸಿದರೆ ನೀರು ಬಸಿದುಹೋಗುವುದೆಂಬ ನಂಬಿಕೆಯುಂಟು; ಅದು ಸರಿಯಲ್ಲ. ನುಣ್ಣನೆಯ ಮಣ್ಣಿನ ಕಿರುಸಂದುಗಳು ಕೇಶಾಕರ್ಷಣದಿಂದ ನೀರನ್ನು ಬಿಗಿಹಿಡಿಯುವುದರಿಂದ ಅದು ಜಲ್ಲಿಯ ದೊಡ್ಡ ಸಂದುಗಳಿಗೆ ಸುಲಭವಾಗಿ ಇಳಿಯುವುದಿಲ್ಲ. ನೆನೆದ ಸ್ಪಂಜನ್ನು ಕಲ್ಲುಗಳ ಮೇಲಿಟ್ಟು ನೋಡಿದರೆ ಈ ಸಂಗತಿ ಮನದಟ್ಟಾಗುವುದು. ಜಲ್ಲಿಯ ಮೇಲೆ ಉಳಿದ ಒದ್ದೆಯ ಪದರವು ಬೇರಿಗೆ ಇನ್ನಷ್ಟು ಸಮೀಪವಾದಂತಾಯಿತು!

ಆದುದರಿಂದ ಒರಟು ಕಣಗಳು ಮಣ್ಣಿನಲ್ಲೆಲ್ಲ ಬೆರೆತಿರಬೇಕು. ಕೆಂಪುಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಎಲೆಗೊಬ್ಬರ ಒಂದು ಪಾಲು, 2ರಿಂದ 5 ಮಿಲಿಮೀಟರು ಗಾತ್ರದ ಇಟ್ಟಿಗೆಯ ಚೂರು ಎರಡು ಪಾಲು ಸೇರಿಸಿರಿ. ಇಟ್ಟಿಗೆಯ ಧೂಳನ್ನು ಜರಡಿ ಹಿಡಿದು ತೆಗೆಯದಿದ್ದರೆ ಅದೇ ಸಂದುಗಳನ್ನು ಮುಚ್ಚಿ ಶ್ರಮವೆಲ್ಲ ವ್ಯರ್ಥವಾಗುವುದು. ಎರೆಮಣ್ಣಂತೂ ನೀರನ್ನು ಹೀರಿ ಉಬ್ಬುವುದರಿಂದ ಸಲ್ಲದು.

ನಮ್ಮ ಮನೆಗಳಲ್ಲಿ ಬ್ರಹ್ಮಕಮಲವೆಂದು ಕರೆಯುವ, ರಾತ್ರಿ ಹೂಬಿಡುವ ಗಿಡವೂ ಪಾಪಾಸುಕಳ್ಳಿಯ ಕುಟುಂಬಕ್ಕೇ ಸೇರಿದುದು. ಆದರೆ ಅದು ಮಧ್ಯ ಅಮೆರಿಕದ ಕಾಡುಗಳಲ್ಲಿ ಮರಗಳ ಮೇಲೆ ಬೆಳೆಯುವಂತಹುದು. ಅದಕ್ಕೆ ಎಲೆಗೊಬ್ಬರ ಇಮ್ಮಡಿ ಇರಲಿ.