ಸೆಕೆಂಡಿನ ಮೂರನೇ ಒಂದು ಪಾಲು, ಅಷ್ಟರಲ್ಲೇ ಬಿಡಿಸ್ಕೋಬೇಕು!

ಎಡಗೈ ಮುಂದೆ ಬಂತೋ, ಎಡ ಗುದ್ದಿನ ಬಟನ್. ಬಲಗೈ ಬಂತೋ, ಬಲ ಗುದ್ದು. ಎರಡೂ ಕೈ ಚಾಚಿ ಬಂದನೋ, ಎರಡೂ ಬಟನ್ ಒಟ್ಟಿಗೆ. ಇಷ್ಟೇ! 'ಟೆಕ್ಕನ್ 7' ಎಂಬ ಹೊಡೆದಾಟದ ವಿಡಿಯೋ ಗೇಮಿನಲ್ಲಿ ಎದುರಾಳಿ ನಿಮ್ಮನ್ನು ಹಿಡಿದೆತ್ತಿ ಒಗೆಯದಂತೆ ಬಿಡಿಸಿಕೊಳ್ಳುವ ವಿದ್ಯೆಯೆಲ್ಲ ಹೆಚ್ಚುಕಡಿಮೆ ಇದರಲ್ಲೇ ಇದೆ. ಆದರೆ ಸಿಗುವ ಹೊತ್ತೆಷ್ಟು ಗೊತ್ತೇ? 20 ಫ್ರೇಮ್. ಪರದೆಯ ಮೇಲೆ ಸೆಕೆಂಡಿಗೆ 60 ಫ್ರೇಮ್ ಓಡುತ್ತವೆ. ಅಂದರೆ ಸೆಕೆಂಡಿನ ಮೂರನೇ ಒಂದು ಪಾಲು! ಅಷ್ಟರಲ್ಲಿ ಕಣ್ಣಿಗೆ ಕೈ ಕಾಣಬೇಕು, ಯಾವ ಕೈ ಅನ್ನುವುದು ತಲೆಗೆ ಹೊಳೆಯಬೇಕು, ಬೆರಳು ಸರಿಯಾದ ಬಟನ್ ಒತ್ತಬೇಕು. ತಪ್ಪು ಒತ್ತಿದರೆ ತಿದ್ದಿಕೊಳ್ಳುವ ಮಾತಿಲ್ಲ, ಮೊದಲು ಒತ್ತಿದ್ದೇ ಲೆಕ್ಕ.

ನಾನಿದನ್ನು ಮೊದಲು ಕಣ್ಣಾರೆ ಕಂಡದ್ದು ಬೆಂಗಳೂರಿನ ಯಾವುದೋ ಮಾಲಿನಲ್ಲಲ್ಲ, ಮಾದನಹಿಪ್ಪರಗಾದಲ್ಲಿ. ಆಳಂದ ತಾಲ್ಲೂಕಿನ ಊರು, ಮಹಾರಾಷ್ಟ್ರದ ಗಡಿ ಹತ್ತಿರ, ಸುತ್ತ ತೊಗರಿ ಹೊಲ. ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗ ರಜೆಗೆ ಬಂದವನು ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟಿದ್ದ. ಪಕ್ಕದಲ್ಲಿ ಅವನ ಚಿಕ್ಕಪ್ಪನ ಮಗ. ಪರದೆಯ ಮೇಲೆ ಜಾಗ್ವಾರ್ ಮುಖವಾಡದ ಕುಸ್ತಿಪಟು ಕಿಂಗ್ ಚಿಕ್ಕವನ ಆಳನ್ನು ಕಾಲು ಹಿಡಿದು ಗರಗರ ತಿರುಗಿಸಿ ಒಗೆದ.

"ಏ ತಮ್ಮಾ, ಅವನ ಮಾರಿ ನೋಡಬ್ಯಾಡ, ಕೈ ನೋಡು ಕೈ!"

"ನೋಡ್ಲಿಕತ್ತೀನಲ್ಲಣ್ಣ, ಕಾಣವಲ್ದು!"

ನಾನು ಬಾಯಿ ಹಾಕಿದೆ, ಹೊಡೆತ ತಡೆದಂತೆ ಇದನ್ನೂ ತಡೆಯಬಾರದೇನು ಅಂತ. ದೊಡ್ಡವನು ನಕ್ಕ. "ತಡದು ಕುಂತವನ್ನೇ ಹಿಡಿಯೋದು ಕಾಕಾ. ಅದಕ್ಕೇ ಥ್ರೋ ಇಟ್ಟಾರ."

ಎಂಥ ಮಾತು! ಥ್ರೋ ಅಂದರೆ ಹೀಗೆ ಹಿಡಿದು ಒಗೆಯುವುದು. ಇಡೀ ಆಟದ ಗುಟ್ಟನ್ನು ಆ ಹುಡುಗ ಎರಡು ಮಾತಿನಲ್ಲಿ ಹೇಳಿಬಿಟ್ಟಿದ್ದ. ಹೊಡೆತವನ್ನು ತಡೆ ಗೆಲ್ಲುತ್ತದೆ. ತಡೆಯನ್ನು ಹಿಡಿತ ಗೆಲ್ಲುತ್ತದೆ. ಹಿಡಿಯಲು ಬಂದವನನ್ನು ಹೊಡೆತ ಗೆಲ್ಲುತ್ತದೆ. ಈ ಮೂರರಲ್ಲಿ ಒಂದು ಕಿತ್ತರೂ ಆಟ ಸತ್ತಂತೆ.

ಹಿಡಿತ ಬಿಡಿಸಿಕೊಳ್ಳುವ ವಿದ್ಯೆ ಈ ಸೀಮೆಗೆ ಹೊಸದಲ್ಲ ಎಂಬುದು ನನ್ನನ್ನು ಇನ್ನಷ್ಟು ಬೆರಗಾಗಿಸಿತು. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಜಾತ್ರೆಗಳಲ್ಲಿ ಜಂಗೀ ಕುಸ್ತಿ ಅಂದರೆ ಜನ ಮುಗಿಬೀಳುತ್ತಾರೆ. ದೋಬಿ ಪಟ್ಟು ಬೀಳುವುದನ್ನು ಹತ್ತಿರ ನಿಂತು ನೋಡಿ: ಎದುರಾಳಿ ನಿಮ್ಮ ತೋಳನ್ನು ತನ್ನ ಹೆಗಲ ಮೇಲೆ ಎಳೆದುಕೊಂಡು, ಸರಕ್ಕನೆ ಬೆನ್ನು ತಿರುಗಿಸಿ, ಸೊಂಟ ನಿಮ್ಮ ಹೊಟ್ಟೆಯ ಕೆಳಗೆ ಕೊಡುತ್ತಾನೆ. ಅವನು ಬೆನ್ನು ತಿರುಗಿಸುವ ಆ ಗಳಿಗೆಯಲ್ಲೇ ಸೊಂಟ ಕೆಳಗಿಳಿಸಿ ಹಿಂದಕ್ಕೆ ಜಗ್ಗಿದಿರೋ, ಉಳಿದಿರಿ. ತುಸು ತಡವಾಯಿತೋ, ಚಿತ್! ಪ್ರತಿಪಟ್ಟು ಗೊತ್ತಿದ್ದರೆ ಸಾಲದು, ಅದು ಆ ಗಳಿಗೆಗೇ ಬೀಳಬೇಕು. ಇಲ್ಲಿಂದ ಹೆಚ್ಚು ದೂರವಿಲ್ಲದ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1130ರ ಸುಮಾರಿಗೆ ಬರೆದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವಿದೆ. ಮಲ್ಲರಿಗೆ ಜ್ಯೇಷ್ಠಿಕ, ಅಂತರ್ಜ್ಯೇಷ್ಠಿಕ, ಗೋವಲ ಎಂಬ ದರ್ಜೆ, ಅವರಿಗೆ ಕೊಡಬೇಕಾದ ಆಹಾರ, ಕಂಬವನ್ನು ಅಪ್ಪಿ ಹತ್ತುವ ಸ್ತಂಭಶ್ರಮದಂಥ ಸಾಧನೆಗಳು! ಒಬ್ಬ ಚಕ್ರವರ್ತಿ ಕೂತು ಇದನ್ನೆಲ್ಲ ಬರೆಯುತ್ತಾನೆ ಅಂದರೆ ಹಿಡಿತದ ವಿದ್ಯೆಗೆ ಆಗ ಎಷ್ಟು ಬೆಲೆ ಇದ್ದಿರಬೇಕು!

ವಿಡಿಯೋ ಗೇಮುಗಳಿಗೆ ಈ ಬುದ್ಧಿ ತಡವಾಗಿ ಬಂತು. 1991ರ 'ಸ್ಟ್ರೀಟ್ ಫೈಟರ್ 2'ರಲ್ಲಿ ಹಿಡಿದ ಮೇಲೆ ಬಿಡಿಸಿಕೊಳ್ಳುವ ದಾರಿಯೇ ಇರಲಿಲ್ಲ. ಹತ್ತಿರ ಬಂದು ಹಿಡಿದರೆ ಮುಗಿಯಿತು. ಗೇಮ್ ಪಾರ್ಲರುಗಳಲ್ಲಿ ಇದಕ್ಕಾಗಿಯೇ ಜಗಳವಾಗುತ್ತಿತ್ತು, ಥ್ರೋ ಹಾಕುವವನು ಮೋಸಗಾರ ಎಂಬ ಹೆಸರು ಹೊರಬೇಕಾಗಿತ್ತು. 1994ರ 'ಸೂಪರ್ ಸ್ಟ್ರೀಟ್ ಫೈಟರ್ 2 ಟರ್ಬೊ'ದಲ್ಲಿ ಈ ಸರಣಿಯಲ್ಲಿ ಮೊದಲ ಸಲ ಅರ್ಧ ಬಿಡುಗಡೆ ಸಿಕ್ಕಿತು: ಸಕಾಲಕ್ಕೆ ಬಟನ್ ಒತ್ತಿದರೆ ಒಗೆಸಿಕೊಂಡರೂ ಕಾಲ ಮೇಲೆ ನಿಲ್ಲಬಹುದು, ಪೆಟ್ಟು ಕಡಿಮೆ. ಆಮೇಲಾಮೇಲೆ ಪೂರ್ತಿ ಬಿಡಿಸಿಕೊಳ್ಳುವ 'ಟೆಕ್' ಬಂತು. ಹಿಡಿಯಲು ಯಾವ ಬಟನ್ನೋ, ಬಿಡಿಸಿಕೊಳ್ಳಲೂ ಅದೇ ಬಟನ್: ಹಗುರ ಗುದ್ದು, ಹಗುರ ಒದೆ, ಎರಡೂ ಒಟ್ಟಿಗೆ!

ನಿಜವಾದ ಸೋಜಿಗ ಇನ್ನು ಮುಂದಿದೆ. 2023ರ 'ಸ್ಟ್ರೀಟ್ ಫೈಟರ್ 6'ರಲ್ಲಿ ಥ್ರೋ ಐದನೇ ಫ್ರೇಮಿಗೆ ತಾಗುತ್ತದೆ, ಸೆಕೆಂಡಿನ ಹನ್ನೆರಡನೇ ಒಂದು ಪಾಲು. ಮನುಷ್ಯ ಕಂಡದ್ದಕ್ಕೆ ಕೈ ಆಡಿಸಲು ಸುಮಾರು ಕಾಲು ಸೆಕೆಂಡು ಬೇಕು. ಅಂದರೆ ಎದುರಾಳಿಯ ಕೈ ಏಳುವುದನ್ನು ನೋಡಿ ತಪ್ಪಿಸಿಕೊಳ್ಳುತ್ತೇನೆ ಎಂಬುದು ಸುಳ್ಳು ಮಾತು. ಹಾಗಾದರೆ ಆಡುವವರು ಹೇಗೆ ಬದುಕುತ್ತಾರೆ? ಬೇಕೆಂದೇ ತಡ ಮಾಡಿ! ಮೊದಲು ಹೊಡೆತಕ್ಕೆ ತಡೆ ಹಿಡಿಯುತ್ತಾರೆ, ಅದರ ಬೆನ್ನಿಗೇ ಚೂರು ತಡವಾಗಿ ಟೆಕ್ ಒತ್ತುತ್ತಾರೆ. ಎದುರಾಳಿ ಹೊಡೆದಿದ್ದರೆ ತಡೆ ನಿಂತಿರುತ್ತದೆ, ಆ ತಡೆಯಲ್ಲಿ ಸಿಕ್ಕಿದ ಟೆಕ್ ಗಾಳಿಗೆ ಹೋಗುತ್ತದೆ. ಅವನು ಹಿಡಿದಿದ್ದರೆ ಅದೇ ಟೆಕ್ ಬಿಡಿಸಿಕೊಡುತ್ತದೆ. ಒಂದೇ ಒತ್ತು, ಎರಡು ಪ್ರಶ್ನೆಗೂ ಉತ್ತರ! ಇದನ್ನು ಮೊದಲು ಕಂಡುಹಿಡಿದವನಿಗೆ ಯಾರಾದರೂ ಶಾಲು ಹೊದಿಸಬೇಕಿತ್ತು.

ಇದಕ್ಕೂ ಎದುರುಪಟ್ಟು ಇದೆ, ಇರಲೇಬೇಕಲ್ಲ! ಹತ್ತಿರ ಬಂದವನು ಹಿಡಿಯುವುದೂ ಇಲ್ಲ, ಹೊಡೆಯುವುದೂ ಇಲ್ಲ, ಸುಮ್ಮನೆ ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ. ಗಾಬರಿಗೊಂಡು ಒತ್ತಿದ ನಿಮ್ಮ ಟೆಕ್ ಈಗ ನಿಮ್ಮದೇ ಖಾಲಿ ಥ್ರೋ ಆಗಿ ಹೊರಬೀಳುತ್ತದೆ. 23 ಫ್ರೇಮ್ ನೀವು ಅಲ್ಲಾಡುವಂತಿಲ್ಲ. ಅಷ್ಟು ಹೊತ್ತು ಸಾಕು, ಅವನು ಮನಸಾರೆ ಬಾರಿಸುತ್ತಾನೆ. ಈ ಆಟದ ಮಂದಿ ಇದಕ್ಕೆ 'ಶಿಮ್ಮಿ' ಅನ್ನುತ್ತಾರೆ. ಸುಮ್ಮನೆ ಹಿಂದೆ ಸರಿದದ್ದಕ್ಕೆ ಇಷ್ಟು ಫಲವೇ!

ಟೆಕ್ಕನ್‌ನಲ್ಲಿ ಇನ್ನೊಂದು ದಾರಿ ಇದೆ. ಅಲ್ಲಿಯ ಥ್ರೋಗಳು ಹೆಚ್ಚಾಗಿ ತಲೆಯೆತ್ತರದಲ್ಲಿ ಬರುತ್ತವೆ, ಕುಕ್ಕರುಗಾಲಲ್ಲಿ ಕೂತರೆ ಕೈ ಮೇಲಿಂದ ಹಾದುಹೋಗುತ್ತದೆ. ಕೂತವನನ್ನು ಎತ್ತಿ ಹಾರಿಸುವ ಗುದ್ದು ಮಾತ್ರ ಕಾಯುತ್ತಲೇ ಇರುತ್ತದೆ. ಸೆಗಾ ಕಂಪನಿಯ 'ವರ್ಚುವಾ ಫೈಟರ್ 4' (2001) ಆಡುವವರದಂತೂ ಹುಚ್ಚೇ ಸರಿ. ಅಲ್ಲಿ ಬಿಡಿಸಿಕೊಳ್ಳಲು ಎದುರಾಳಿಯ ಥ್ರೋ ಯಾವ ದಿಕ್ಕಿನದೆಂದು ಊಹಿಸಬೇಕು. ಕುಶಲರು ಒಮ್ಮೆ ಪಕ್ಕಕ್ಕೆ ಸರಿದು, ಆ ಚಿಟಿಕೆ ಹೊತ್ತಿನಲ್ಲೇ ಎರಡು ಮೂರು ದಿಕ್ಕಿನ ಬಿಡಿಸುವ ಆಜ್ಞೆಗಳನ್ನು ಸಾಲಾಗಿ ಒತ್ತಿ, ಕೊನೆಗೆ ತಡೆಗೆ ಮರಳುತ್ತಿದ್ದರು. ಬೆರಳುಗಳೋ, ಯಂತ್ರವೋ!

ಇದೆಲ್ಲ ಎಳೆ ಹುಡುಗರ ಚುರುಕುತನದ ಆಟ ಎಂದು ತಿಳಿದಿದ್ದೆ. ಆದರೆ 2023ರಲ್ಲಿ ಹಾಂಗ್‌ಝೌದಲ್ಲಿ ನಡೆದ ಏಷ್ಯನ್ ಗೇಮ್ಸಿನ 'ಸ್ಟ್ರೀಟ್ ಫೈಟರ್ 5' ಚಿನ್ನ ಗೆದ್ದವರು ದಕ್ಷಿಣ ಕೊರಿಯಾದ ಕಿಮ್ ಗ್ವಾನ್-ವೂ. ವಯಸ್ಸು 44! ಭಾರತದಿಂದ ಮಯಂಕ್ ಪ್ರಜಾಪತಿ, ಅಯನ್ ಬಿಸ್ವಾಸ್ ಅಲ್ಲಿ ಆಡಿದ್ದರು. ಲಾಹೋರಿನ ಅರ್ಸಲಾನ್ ಆಶ್ 2019ರಲ್ಲಿ ಜಪಾನಿನ ಫುಕುಓಕಾದಲ್ಲೂ ಅಮೆರಿಕದ ಲಾಸ್ ವೇಗಸ್‌ನಲ್ಲೂ ಟೆಕ್ಕನ್ 7 ಗೆದ್ದು ಜಗತ್ತನ್ನೇ ದಂಗುಬಡಿಸಿದರು. ಗಲ್ಲಿಯ ಗೇಮ್ ಪಾರ್ಲರುಗಳಲ್ಲಿ ಪಳಗಿದ ಕೈ ಅದು. ಕಲಬುರಗಿಯಲ್ಲಿ ಓದುವ ಆ ಹುಡುಗನಿಗೆ ಈ ಹೆಸರು ಹೇಳಿದ್ದೇ ತಡ, ನನಗೊಂದು ಗಂಟೆ ಪಾಠವಾಯಿತು.

ಕೊನೆಗೆ ಅವನು ಜಂಗೀಫ್‌ನ ಕಥೆ ತೆಗೆದ. ಸ್ಟ್ರೀಟ್ ಫೈಟರ್‌ನ ಈ ರಷ್ಯನ್ ಕುಸ್ತಿಪಟು 1991ರಿಂದಲೂ ಇದ್ದಾನೆ. ಸ್ಟಿಕ್ಕನ್ನು ಒಂದು ಸುತ್ತು ತಿರುಗಿಸಿ ಗುದ್ದಿನ ಬಟನ್ ಒತ್ತಿದರೆ ಎದುರಾಳಿಯನ್ನು ಅಪ್ಪಿಕೊಂಡು ಮೇಲೆ ಹಾರಿ, ಗಿರ್ರನೆ ತಿರುಗುತ್ತ ತಲೆಕೆಳಗಾಗಿ ನೆಲಕ್ಕೆ ಕುಟ್ಟುತ್ತಾನೆ. ಆ ಪಟ್ಟಿಗೆ ಟೆಕ್ಕೇ ಇಲ್ಲ. ಹಿಡಿದನೋ, ಮುಗಿಯಿತು. ಅವನ ಕೈ ಮುಚ್ಚುವ ಮೊದಲೇ ನೆಲ ಬಿಟ್ಟು ಹಾರಿದರೆ ಮಾತ್ರ ಆ ದೈತ್ಯ ಗಾಳಿಯನ್ನು ಅಪ್ಪಿಕೊಂಡು ನಿಲ್ಲುತ್ತಾನೆ. ಆಗ ಮೇಲಿಂದಿಳಿಯುತ್ತ ಅವನ ತಲೆಗೊಂದು ಜೋರು ಒದೆ ಕೊಡಬಹುದು.